ಎಕ್ಸ್‌ರೇ ಕವರಿನಲ್ಲಿ ಇಲ್ಲದ ಸೊಂಟ

ನಮ್ಮಮ್ಮನ ಬೀರುವಿನ ಮೇಲೆ ಕಂದು ಬಣ್ಣದ ಒಂದು ದೊಡ್ಡ ಕವರಿದೆ. ಒಳಗಿರುವುದು ಅವರ ಬೆನ್ನಿನ ಎಕ್ಸ್‌ರೇ. ನೆಂಟರು ಯಾರಾದರೂ "ಸೊಂಟನೋವು ಹೇಗಿದೆ?" ಎಂದು ಕೇಳಿದರೆ ನೋವು ಎಲ್ಲಿದೆ, ಯಾವಾಗ ಬರುತ್ತದೆ ಎಂದು ಅಮ್ಮ ಹೇಳುವುದಿಲ್ಲ, ಕವರಿನ ಕಡೆ ಕೈ ತೋರಿಸಿ "ಎಲ್ ಫೋರು, ಎಲ್ ಫೈವು ಸವೆದು ಹೋಗಿದೆಯಂತೆ" ಎನ್ನುತ್ತಾರೆ. ಕೇಳಿದವರೂ ನಿಟ್ಟುಸಿರು ಬಿಟ್ಟು ತಮ್ಮ ತಮ್ಮ ಎಲ್ ಫೋರು, ಎಲ್ ಫೈವುಗಳ ಸಮಾಚಾರಕ್ಕೆ ಇಳಿಯುತ್ತಾರೆ. ಹಿಂದೆ ಜಾತಕ ಬಿಚ್ಚುತ್ತಿದ್ದ ಹಾಗೆ ಈಗ ಫಿಲ್ಮು ಬಿಚ್ಚುತ್ತೇವೆ. ಜಾತಕದ ದೋಷಕ್ಕಾದರೂ ಒಂದು ಶಾಂತಿ ಅಂತಿತ್ತು.

ಆ ಎಕ್ಸ್‌ರೇ ತೆಗೆಸಿದ ದಿನ ಅಮ್ಮನಿಗೆ ಸಿಕ್ಕಿದ ಸಲಹೆ ಮೂರೇ ಮಾತಿನದು: ಬಗ್ಗಬೇಡಿ, ಭಾರ ಎತ್ತಬೇಡಿ, ನೆಲದ ಮೇಲೆ ಕೂರಬೇಡಿ. ಮಾರನೆಯ ದಿನದಿಂದ ಮನೆ ಮುಂದಿನ ರಂಗೋಲಿ ನಿಂತಿತು. ಆಮೇಲೆ ಗಿಡಗಳಿಗೆ ನೀರು ಹಾಕುವುದು ನಿಂತಿತು, ಆಮೇಲೆ ಸಂತೆ, ಆಮೇಲೆ ತಾರಸಿಯ ಮೆಟ್ಟಿಲು. ನೋವು ಮಾತ್ರ ನಿಲ್ಲಲಿಲ್ಲ.

ಹಿರಿಯರ ಬೆನ್ನುನೋವನ್ನೇ ಹಿಡಿದು ಕೂತ ಸಂಶೋಧಕರೊಬ್ಬರಿದ್ದಾರೆ: ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದ ಗ್ರೆಗರಿ ಹಿಕ್ಸ್. ಶಸ್ತ್ರವೈದ್ಯರಲ್ಲ, ಫಿಸಿಯೋಥೆರಪಿಸ್ಟ್, ಅಲ್ಲಿ ಅದನ್ನು ಫಿಸಿಕಲ್ ಥೆರಪಿ ಎನ್ನುತ್ತಾರೆ. ಬೆನ್ನುನೋವಿನ ಪ್ರಯೋಗಗಳಲ್ಲಿ 65 ದಾಟಿದವರನ್ನು ಕೈಬಿಡುವುದು ಬಹುಕಾಲದ ವಾಡಿಕೆ. ಅವರಿಗೆ ಬಿಪಿ ಇರುತ್ತದೆ, ಸಕ್ಕರೆ ಇರುತ್ತದೆ, ಮಂಡಿನೋವು ಇರುತ್ತದೆ, ಲೆಕ್ಕ ಕಲಸುಮೇಲೋಗರವಾಗುತ್ತದೆ. ಹಾಗಾಗಿ ಕಚೇರಿಗೆ ಹೋಗುವ ನಲವತ್ತರವರ ಬೆನ್ನಿನಿಂದ ಕಲಿತದ್ದನ್ನೇ ಎಪ್ಪತ್ತರವರ ಬೆನ್ನಿಗೂ ಅಂಟಿಸುತ್ತಾ ಬಂದರು. ಹಿಕ್ಸ್ ಮತ್ತು ಅವರ ಸಂಗಡಿಗರು ಆ ಬಿಟ್ಟುಹೋದವರನ್ನೇ ಕರೆದು ಕೂರಿಸಿದರು. ಅವರು ಕೇಳಿದ್ದು ಎಷ್ಟು ಸವೆದಿದೆ ಎಂದಲ್ಲ. ಎಷ್ಟು ವೇಗವಾಗಿ ನಡೆಯುತ್ತೀರಿ, ಕುರ್ಚಿಯಿಂದ ಕೈ ಊರದೆ ಏಳಬಲ್ಲಿರಾ, ಮೆಟ್ಟಿಲು ಹತ್ತಬಲ್ಲಿರಾ ಎಂದು. ಈ ಪ್ರಶ್ನೆಗಳನ್ನು ಮುಂದಿಟ್ಟುಕೊಂಡರೆ ನಮ್ಮ ಮನೆಗಳಲ್ಲಿ ಓಡಾಡುವ ಎಷ್ಟೋ ನಂಬಿಕೆಗಳು ನಿಲ್ಲುವುದಿಲ್ಲ.

ತಪ್ಪು ಕಲ್ಪನೆ: "ಫಿಲ್ಮಿನಲ್ಲಿ ಸವೆತ ಕಾಣಿಸಿದೆ. ನೋವಿಗೆ ಅದೇ ಕಾರಣ."

ಕಾಣಿಸದಿದ್ದರೆ ಆಶ್ಚರ್ಯ ಪಡಬೇಕಿತ್ತು. ಬೆನ್ನುನೋವೇ ಇಲ್ಲದ 3,110 ಜನರ ಸ್ಕ್ಯಾನುಗಳ ವರದಿಗಳನ್ನು ಒಟ್ಟುಹಾಕಿ 2015ರಲ್ಲಿ ಒಂದು ವಿಶ್ಲೇಷಣೆ ಪ್ರಕಟವಾಯಿತು. ಇಪ್ಪತ್ತರ ವಯಸ್ಸಿನವರಲ್ಲೇ ನೂರಕ್ಕೆ 37 ಮಂದಿಯ ಡಿಸ್ಕು ಸವೆದಿತ್ತು. ಎಂಬತ್ತರಲ್ಲಿ ಆ ಸಂಖ್ಯೆ 96. ಡಿಸ್ಕು ಉಬ್ಬಿದವರು ಇಪ್ಪತ್ತರಲ್ಲಿ ನೂರಕ್ಕೆ 30, ಎಂಬತ್ತರಲ್ಲಿ 84. ಇವರೆಲ್ಲ ನೋವಿಲ್ಲದೆ ಓಡಾಡಿಕೊಂಡಿದ್ದವರು ಎಂಬುದನ್ನು ಮರೆಯಬಾರದು. ತಲೆಗೂದಲು ನರೆತ ಹಾಗೆ ಬೆನ್ನೂ ನರೆಯುತ್ತದೆ. ನರೆಗೂದಲಿಗೆ ತಲೆನೋವಿನ ಆಪಾದನೆ ಯಾರೂ ಹೊರಿಸುವುದಿಲ್ಲ.

ಹಿಕ್ಸ್ ತಂಡ 2009ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ನೇರವಾದದ್ದು. 65 ದಾಟಿದ 320 ಮಂದಿ. ಅವರಲ್ಲಿ 162 ಜನಕ್ಕೆ ಬಹುಕಾಲದ ಸೊಂಟನೋವು, 158 ಜನಕ್ಕೆ ನೋವೇ ಇಲ್ಲ. ಎಲ್ಲರ ಎಕ್ಸ್‌ರೇ ತೆಗೆದು, ಒಂದೊಂದು ಡಿಸ್ಕು, ಒಂದೊಂದು ಪುಟ್ಟ ಕೀಲಿನ ಸವೆತಕ್ಕೂ ಅಂಕ ಕೊಟ್ಟರು. ಸವೆತ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಇತ್ತು. ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತೂ ಇದೆ: ಡಿಸ್ಕಿನ ಸವೆತ ತೀವ್ರವಾಗಿದ್ದವರಲ್ಲಿ ನೋವಿರುವ ಸಂಭವ ಸುಮಾರು ಎರಡರಷ್ಟಿತ್ತು. ಆದ್ದರಿಂದ ಸವೆತಕ್ಕೂ ನೋವಿಗೂ ಸಂಬಂಧವೇ ಇಲ್ಲ ಎಂದರೆ ಅದು ಇನ್ನೊಂದು ತಪ್ಪು ಕಲ್ಪನೆ. ಆದರೆ ನೋವಿದ್ದವರನ್ನು ಮಾತ್ರ ತೆಗೆದುಕೊಂಡು ನೋಡಿದರೆ, ಹೆಚ್ಚು ಸವೆದವರಿಗೆ ಹೆಚ್ಚು ನೋವು, ಕಡಿಮೆ ಸವೆದವರಿಗೆ ಕಡಿಮೆ ನೋವು ಎಂಬ ಲೆಕ್ಕ ಕೂಡಲಿಲ್ಲ. ಅಂದರೆ ಫಿಲ್ಮು ನೋಡಿ ಇವರಿಗೆ ಎಷ್ಟು ನೋವಿದೆ ಎಂದು ಹೇಳಲಾಗದು.

ಹಾಗಾದರೆ ಆದಷ್ಟು ಬೇಗ ಎಂಆರ್‌ಐ ಮಾಡಿಸಿದರೆ ಒಳ್ಳೆಯದಲ್ಲವೇ? 65 ದಾಟಿದ 5,239 ಮಂದಿಯನ್ನು ಹಿಂಬಾಲಿಸಿದ ಅಮೆರಿಕದ ಇನ್ನೊಂದು ಅಧ್ಯಯನ 2015ರಲ್ಲಿ ಬಂತು. ನೋವು ಶುರುವಾಗಿ ವೈದ್ಯರಲ್ಲಿಗೆ ಹೋದ ಆರು ವಾರದೊಳಗೆ ಚಿತ್ರ ತೆಗೆಸಿದವರು, ತೆಗೆಸದವರು, ಇಬ್ಬರೂ ವರ್ಷದ ಕೊನೆಗೆ ಒಂದೇ ಕಡೆ ಇದ್ದರು. ವ್ಯತ್ಯಾಸವಿದ್ದದ್ದು ಖರ್ಚಿನಲ್ಲಿ.

ಸವೆತ ಎಂಬ ಪದದ ಬಗ್ಗೆ ನನಗೊಂದು ತಕರಾರಿದೆ. ಟೈರು ಸವೆಯುತ್ತದೆ, ಚಪ್ಪಲಿ ಸವೆಯುತ್ತದೆ. ಬಳಸಿದಷ್ಟೂ ಸವೆತ ಎಂಬ ಅರ್ಥ ಆ ಪದದೊಳಗೇ ಕೂತಿದೆ. ಕೇಳಿದವರಿಗೆ ತೋಚುವುದು ಒಂದೇ: ಬಳಸದೆ ಎತ್ತಿಡೋಣ. ಮೂಳೆಯೂ ಸ್ನಾಯುವೂ ಚಪ್ಪಲಿಯಲ್ಲ. ಎತ್ತಿಟ್ಟರೆ ಅವು ಕರಗುತ್ತವೆ.

ತಪ್ಪು ಕಲ್ಪನೆ: "ನೋವಿದ್ದಷ್ಟು ದಿನ ಮಲಗಿರಬೇಕು. ನಡೆದರೆ ಇನ್ನಷ್ಟು ಸವೆಯುತ್ತದೆ."

ಇದು ನಮ್ಮ ಅಜ್ಜಿಯರ ನಂಬಿಕೆ ಮಾತ್ರವಲ್ಲ. ಮೂವತ್ತು ನಲವತ್ತು ವರ್ಷದ ಹಿಂದಿನವರೆಗೂ ವೈದ್ಯರೇ ಬರೆದುಕೊಡುತ್ತಿದ್ದ ಚಿಕಿತ್ಸೆ. ಅದು ಅಲುಗಾಡಿದ್ದು 1986ರಲ್ಲಿ. ಅಮೆರಿಕದಲ್ಲಿ 203 ರೋಗಿಗಳಲ್ಲಿ ಕೆಲವರಿಗೆ ಎರಡು ದಿನ, ಕೆಲವರಿಗೆ ಏಳು ದಿನ ಮಲಗಿರಲು ಹೇಳಿ ನೋಡಿದರು. ಏಳು ದಿನ ಮಲಗಿದ್ದರಿಂದ ಬಂದ ಲಾಭ ಕೆಲಸಕ್ಕೆ ಹೆಚ್ಚು ದಿನ ಚಕ್ಕರ್, ಅಷ್ಟೇ. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ 186 ನೌಕರರನ್ನು ಮೂರು ಗುಂಪು ಮಾಡಿದರು: ಒಂದಕ್ಕೆ ಹಾಸಿಗೆ, ಒಂದಕ್ಕೆ ವ್ಯಾಯಾಮ, ಇನ್ನೊಂದಕ್ಕೆ ನೋವು ತಡೆದುಕೊಳ್ಳುವಷ್ಟರಲ್ಲಿ ನಿಮ್ಮ ಮಾಮೂಲು ಕೆಲಸ ಮಾಡಿಕೊಂಡಿರಿ ಎಂಬ ಮಾತು. ಬೇಗ ಚೇತರಿಸಿಕೊಂಡದ್ದು ಮೂರನೆಯ ಗುಂಪು.

ಇವರು ದುಡಿಯುವ ವಯಸ್ಸಿನವರು ಎಂದು ತಳ್ಳಿಹಾಕಬಹುದು. ಹಿರಿಯರ ವಿಷಯದಲ್ಲಿ ಹಾಸಿಗೆ ಇನ್ನೂ ದುಬಾರಿ. 2007ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಸರಾಸರಿ 67 ವರ್ಷದ, ಯಾವ ಕಾಯಿಲೆಯೂ ಇಲ್ಲದ ಕೆಲವರು ಹತ್ತು ದಿನ ಹಾಸಿಗೆ ಬಿಟ್ಟೇಳದೆ ಮಲಗಲು ಒಪ್ಪಿದರು. ಹನ್ನೊಂದನೆಯ ದಿನ ಅವರ ಕಾಲುಗಳಿಂದ ಒಂದು ಕಿಲೋದಷ್ಟು ಸ್ನಾಯು ಮಾಯವಾಗಿತ್ತು. ಹತ್ತೇ ದಿನ! ಇಪ್ಪತ್ತೈದರ ಹುಡುಗ ಅದನ್ನು ಬೇಗ ತುಂಬಿಕೊಳ್ಳುತ್ತಾನೆ. ಎಪ್ಪತ್ತರವರಿಗೆ ತಿಂಗಳುಗಟ್ಟಲೆ ಬೇಕು. ಆ ತಿಂಗಳುಗಳಲ್ಲೇ ಬಚ್ಚಲಿನಲ್ಲಿ ಕಾಲು ಜಾರುವುದು.

ನಡಿಗೆಯ ಮಾತಿಗೆ ಬಂದರೆ, ಆಸ್ಟ್ರೇಲಿಯಾದ ಸಿಡ್ನಿಯ ಮ್ಯಾಕ್ವಾರಿ ವಿಶ್ವವಿದ್ಯಾಲಯದವರು 2024ರಲ್ಲಿ 701 ಜನರ ಪ್ರಯೋಗವೊಂದನ್ನು ಪ್ರಕಟಿಸಿದರು. ಎಲ್ಲರೂ ಆಗಷ್ಟೇ ಸೊಂಟನೋವಿನಿಂದ ಚೇತರಿಸಿಕೊಂಡವರು. ಅರ್ಧದಷ್ಟು ಜನರಿಗೆ ಫಿಸಿಯೋಥೆರಪಿಸ್ಟರ ಸಲಹೆಯೊಂದಿಗೆ ಹಂತಹಂತವಾಗಿ ನಡಿಗೆ ಹೆಚ್ಚಿಸಿ, ಆರು ತಿಂಗಳಲ್ಲಿ ವಾರಕ್ಕೆ ಐದು ದಿನ ಅರ್ಧ ಗಂಟೆ ನಡೆಯುವ ಗುರಿ ಕೊಟ್ಟರು. ಉಳಿದವರಿಗೆ ಏನೂ ಇಲ್ಲ. ನೋವು ಮರಳಿ ಬರಲು ನಡೆಯದವರಲ್ಲಿ ಹಿಡಿದದ್ದು 112 ದಿನ, ನಡೆದವರಲ್ಲಿ 208 ದಿನ. ಇವು ಮಧ್ಯಾಂಕದ ಲೆಕ್ಕ. ಯಾವ ಮಾತ್ರೆಯ ಕಂಪನಿಯೂ ಹೆಮ್ಮೆಯಿಂದ ಜಾಹೀರಾತು ಹಾಕಿಕೊಳ್ಳುವಂಥ ಫಲಿತಾಂಶವಿದು. ನಡಿಗೆಗೆ ಕಂಪನಿ ಇಲ್ಲ.

ತಪ್ಪು ಕಲ್ಪನೆ: "ಸೊಂಟ ನೋಯುತ್ತಿದೆ ಎಂದರೆ ಬೆನ್ನುಮೂಳೆಗೇ ಚಿಕಿತ್ಸೆ ಆಗಬೇಕು."

ಕನ್ನಡದ ಸೊಂಟ ಬಹಳ ಉದಾರವಾದ ಪದ. ಉಡಿದಾರ ಕಟ್ಟುವ ಜಾಗವೂ ಸೊಂಟ, ಬೆನ್ನಿನ ಕೆಳಭಾಗವೂ ಸೊಂಟ, ತೊಡೆ ಬಂದು ಸೇರುವ ಕೀಲೂ ಸೊಂಟ. ಧಾರವಾಡದ ಕಡೆಯ ಟೊಂಕವೂ ಹಾಗೆಯೇ. ಬಿದ್ದು ತೊಡೆಮೂಳೆಯ ತುದಿ ಮುರಿದರೂ "ಸೊಂಟ ಮುರೀತು" ಎನ್ನುತ್ತೇವೆ, ಡಿಸ್ಕು ಜಾರಿದರೂ "ಸೊಂಟ ಹಿಡೀತು" ಎನ್ನುತ್ತೇವೆ. ಇಂಗ್ಲಿಷ್ ಓದಿದ ವೈದ್ಯರಿಗೆ ಇದು ಕಿರಿಕಿರಿ. "ಬೆನ್ನೋ, ಕೀಲೋ, ಸರಿಯಾಗಿ ಹೇಳಿ" ಎಂದು ಗದರುವುದನ್ನು ಕೇಳಿದ್ದೇನೆ. ಹಿಕ್ಸ್ ಅವರ ಕೆಲಸ ಓದಿದ ಮೇಲೆ ನನಗನಿಸಿದ್ದು, ಹಿರಿಯರ ಮಟ್ಟಿಗೆ ನಮ್ಮ ಪದವೇ ಸರಿಯಾಗಿತ್ತೇನೋ.

ಅವರ ತಂಡ ಗಮನಿಸಿದ್ದು ಹೀಗೆ: ಬಹುಕಾಲದ ಬೆನ್ನುನೋವಿರುವ ಹಿರಿಯರಲ್ಲಿ ಎಷ್ಟೋ ಮಂದಿಗೆ ತೊಡೆಕೀಲಿನ ಸುತ್ತಲೂ ನೋವು, ಬಿಗಿತ, ಬಲಹೀನತೆ ಇರುತ್ತದೆ. ಅಂಥವರ ನಡಿಗೆ ಬೇರೆಯವರಿಗಿಂತ ಕುಗ್ಗಿರುತ್ತದೆ. ಕಾರಣ ಊಹಿಸಲು ಕಷ್ಟವಿಲ್ಲ. ನಡೆಯುವಾಗ ಒಂದು ಕಾಲು ಗಾಳಿಯಲ್ಲಿರುತ್ತದೆ, ಇಡೀ ಮೈ ಇನ್ನೊಂದು ಕಾಲಿನ ಮೇಲಿರುತ್ತದೆ. ಆಗ ಸೊಂಟದ ಎಲುಬಿನ ಬಟ್ಟಲು ಒಂದು ಕಡೆಗೆ ವಾಲದಂತೆ ಹಿಡಿಯುವುದು ನೆಲ ಊರಿದ ಕಾಲಿನ ಪಕ್ಕದ, ಪಿರ್ರೆಯ ಹೊರಬದಿಯ ಸ್ನಾಯು. ಅದು ಸೋತರೆ ಪ್ರತಿ ಹೆಜ್ಜೆಗೂ ಮುಂಡ ಓಲಾಡುತ್ತದೆ. ಆ ಓಲಾಟವನ್ನು ತಡೆಯುವ ಕೂಲಿ ಬೆನ್ನಿನ ಕೆಳಭಾಗದ ಪಾಲಿಗೆ. ತೊಡೆಕೀಲು ಹಿಂದಕ್ಕೆ ಚಾಚದಷ್ಟು ಬಿಗಿದಿದ್ದರಂತೂ, ಆ ಚಾಚನ್ನು ಬೆನ್ನೇ ಕೊಡಬೇಕು.

ಇದನ್ನು ಪರೀಕ್ಷೆಗೆ ಹಚ್ಚಿದ ಅವರ ದೊಡ್ಡ ಪ್ರಯೋಗದ ಫಲಿತಾಂಶ 2024ರ ಆರಂಭದಲ್ಲಿ 'ಲ್ಯಾನ್ಸೆಟ್ ರುಮಟಾಲಜಿ'ಯಲ್ಲಿ ಬಂತು. ಡೆಲವೇರ್, ಡ್ಯೂಕ್, ಪಿಟ್ಸ್‌ಬರ್ಗ್ ಈ ಮೂರು ವಿಶ್ವವಿದ್ಯಾಲಯಗಳಲ್ಲಿ, 60ರಿಂದ 85 ವರ್ಷದ 184 ಮಂದಿ. ಎಲ್ಲರಿಗೂ ಬೆನ್ನುನೋವೂ ಇತ್ತು, ತೊಡೆಕೀಲಿನ ತೊಂದರೆಯೂ ಇತ್ತು. ಅರ್ಧ ಜನರಿಗೆ ಬೆನ್ನನ್ನು ಗುರಿಯಾಗಿಸಿದ ಫಿಸಿಯೋಥೆರಪಿ, ಇನ್ನರ್ಧಕ್ಕೆ ತೊಡೆಕೀಲನ್ನು ಗುರಿಯಾಗಿಸಿದ್ದು. ಎಂಟು ವಾರ ಕಳೆದಾಗ ಎರಡೂ ಗುಂಪು ಸುಧಾರಿಸಿತ್ತು, ದಿನನಿತ್ಯದ ಕೆಲಸಗಳಲ್ಲಿ ತೊಡೆಕೀಲಿನವರು ಸ್ವಲ್ಪ ಮುಂದಿದ್ದರು. ಆರು ತಿಂಗಳಿಗೆ ಆ ವ್ಯತ್ಯಾಸ ಅಳಿಸಿಹೋಗಿತ್ತು. ಪವಾಡವಲ್ಲ, ಹಾಗೆಂದು ಅವರೂ ಹೇಳಿಕೊಂಡಿಲ್ಲ. ಬೆನ್ನನ್ನು ಮುಟ್ಟದೆ, ಕಾಲಿನ ಬುಡಕ್ಕೆ ಕೆಲಸ ಕೊಟ್ಟು ಬೆನ್ನುನೋವಿನ ಕಷ್ಟವನ್ನು ತಗ್ಗಿಸಲು ಸಾಧ್ಯ ಎಂಬುದೇ ನನ್ನ ಮಟ್ಟಿಗೆ ದೊಡ್ಡ ಸುದ್ದಿ.

ಅಮ್ಮನನ್ನು ಹೊಸ ಫಿಸಿಯೋಥೆರಪಿಸ್ಟ್ ಹುಡುಗಿಯೊಬ್ಬಳ ಹತ್ತಿರ ಕರೆದುಕೊಂಡು ಹೋದಾಗ ಅವಳು ಕವರು ಬಿಚ್ಚಲಿಲ್ಲ. "ಆಂಟಿ, ಎಡಮಗ್ಗುಲಾಗಿ ಮಲಗಿ, ಬಲಗಾಲು ಮೇಲೆತ್ತಿ" ಎಂದಳು. ಕಾಲು ಒಂದು ಗೇಣು ಏಳುವಷ್ಟರಲ್ಲಿ ನಡುಗಿ ಕೆಳಗೆ ಬಿತ್ತು. ಅಮ್ಮನಿಗೆ ಅವಮಾನವಾಗಿತ್ತು. "ನೋವಿರೋದು ಸೊಂಟದಲ್ಲಮ್ಮಾ, ಕಾಲಲ್ಲಲ್ಲ" ಎಂದರು. "ಇದೂ ಸೊಂಟಾನೇ ಆಂಟಿ" ಎಂದಳು ಹುಡುಗಿ.

ತಪ್ಪು ಕಲ್ಪನೆ: "ಬೆಲ್ಟು ಕಟ್ಟಿಕೊಂಡರೆ ಸಾಕು, ಹತ್ತು ದಿನ ಕರೆಂಟು ಇಡಿಸಿಕೊಂಡರೆ ಸಾಕು."

ವಿಶ್ವ ಆರೋಗ್ಯ ಸಂಸ್ಥೆ ಬಹುಕಾಲದ ಸೊಂಟನೋವಿನ ಬಗ್ಗೆ ತನ್ನ ಮೊದಲ ಮಾರ್ಗಸೂಚಿ ಹೊರಡಿಸಿದ್ದು 2023ರ ಡಿಸೆಂಬರಿನಲ್ಲಿ. ಹಿರಿಯರನ್ನೂ ಅದು ಲೆಕ್ಕಕ್ಕೆ ತೆಗೆದುಕೊಂಡಿದೆ. ಬೇಡ ಎಂದವುಗಳ ಪಟ್ಟಿಯಲ್ಲಿ ಸೊಂಟದ ಬೆಲ್ಟು, ತೂಕ ಕಟ್ಟಿ ಎಳೆಯುವ ಟ್ರ್ಯಾಕ್ಷನ್, ಚಿಕಿತ್ಸೆಯ ಅಲ್ಟ್ರಾಸೌಂಡ್, ನಮ್ಮವರು ಕರೆಂಟು ಎನ್ನುವ ಟೆನ್ಸ್ ಎಲ್ಲವೂ ಇವೆ. ಬೇಕು ಎಂದವುಗಳಲ್ಲಿ ವ್ಯಾಯಾಮ, ತಿಳಿವಳಿಕೆ ಕೊಡುವುದು, ಮಸಾಜು ಮುಂತಾದವಿವೆ. ನಮ್ಮ ಅನೇಕ ಊರುಗಳಲ್ಲಿ ಫಿಸಿಯೋಥೆರಪಿ ಎಂದರೆ ಕರೆಂಟೇ. ಮಲಗಿದಲ್ಲಿಗೆ ಬಂದು ಯಾರೋ ಏನೋ ಇಡುತ್ತಾರೆ, ಚುಳುಚುಳು ಎನ್ನುತ್ತದೆ, ಹಿತವಾಗುತ್ತದೆ, ದುಡ್ಡು ಕೊಟ್ಟು ಬರುತ್ತೇವೆ. ಹಿತವಾಗುವುದು ಸುಳ್ಳಲ್ಲ. ಆದರೆ ಮನೆಗೆ ಬಂದ ಮೇಲೆ ಕುರ್ಚಿಯಿಂದ ಏಳಲು ಕರೆಂಟು ಬರುವುದಿಲ್ಲ.

ಒಂದು ಸಣ್ಣ ತಿದ್ದುಪಡಿ: ಹಿಕ್ಸ್ ಅವರೂ ಕರೆಂಟು ಬಳಸಿದ್ದಾರೆ. ವ್ಯಾಯಾಮದ ಜೊತೆಗೆ ಬೆನ್ನಿನ ಸ್ನಾಯುಗಳು ಗಟ್ಟಿಯಾಗಿ ಬಿಗಿಯುವಷ್ಟು ವಿದ್ಯುತ್ತನ್ನು ಕೊಟ್ಟು ಹಿರಿಯರ ಮೇಲೆ ಅವರು ನಡೆಸಿದ ಚಿಕ್ಕ ಪ್ರಯೋಗದಲ್ಲಿ ಲಾಭ ಕಂಡಿದೆ. ಅದು ಸ್ನಾಯುವನ್ನು ದುಡಿಸುವ ಕರೆಂಟು. ಅದಕ್ಕೂ ಜೋಗುಳ ಹಾಡುವ ಕರೆಂಟಿಗೂ ಹೆಸರೊಂದೇ.

ತಪ್ಪು ಕಲ್ಪನೆ: "ವಯಸ್ಸಾಯ್ತು, ಇನ್ನು ಸ್ನಾಯು ಎಲ್ಲಿ ಬೆಳೆಯುತ್ತೆ?"

ಬೆಳೆಯುತ್ತದೆ. ಇದಕ್ಕೆ ಪುರಾವೆ 1990ರಷ್ಟು ಹಳೆಯದು. ಬಾಸ್ಟನ್ನಿನ ವೃದ್ಧಾಲಯವೊಂದರಲ್ಲಿದ್ದ, 86ರಿಂದ 96 ವರ್ಷದ ಹತ್ತು ಮಂದಿಗೆ ಎಂಟು ವಾರ ಕಾಲಿಗೆ ಭಾರ ಎತ್ತುವ ವ್ಯಾಯಾಮ ಮಾಡಿಸಿದರು. ಮುಗಿಸಿದವರ ಕಾಲಿನ ಬಲ ಸರಾಸರಿ ನೂರಕ್ಕೆ 174ರಷ್ಟು ಹೆಚ್ಚಿತು. ನಾಲ್ಕು ವರ್ಷದ ಬಳಿಕ ನೂರು ಮಂದಿಯ ಮೇಲೆ ಮಾಡಿದಾಗಲೂ ಬಲ ಇಮ್ಮಡಿ ಮೀರಿತು.

ಬೆನ್ನಿಗೆ ಇದರ ಸಂಬಂಧ ಏನು? ಅಮೆರಿಕದ ಪಿಟ್ಸ್‌ಬರ್ಗ್ ಮತ್ತು ಮೆಂಫಿಸ್ ನಗರಗಳಲ್ಲಿ 70ರಿಂದ 79 ವರ್ಷದ 3,075 ಹಿರಿಯರನ್ನು ವರ್ಷಾನುಗಟ್ಟಲೆ ಹಿಂಬಾಲಿಸಿದ ದೊಡ್ಡ ಅಧ್ಯಯನವಿದೆ. ಅದರಲ್ಲಿ ಪಿಟ್ಸ್‌ಬರ್ಗಿನವರ ಹೊಟ್ಟೆ, ಬೆನ್ನಿನ ಸ್ನಾಯುಗಳ ಸಿಟಿ ಚಿತ್ರಗಳನ್ನು ಹಿಕ್ಸ್ 2005ರ ತಮ್ಮ ಪ್ರಬಂಧಗಳಿಗೆ ಬಳಸಿಕೊಂಡರು. ಅವರು ನೋಡಿದ್ದು ಮೂಳೆಯನ್ನಲ್ಲ, ಸ್ನಾಯುವಿನೊಳಗೆ ಎಷ್ಟು ಕೊಬ್ಬು ಸೇರಿಕೊಂಡಿದೆ ಎಂಬುದನ್ನು. ಕುರಿಮಾಂಸದಲ್ಲಿ ಬಿಳಿ ಎಳೆಗಳು ಬೆರೆತಿರುತ್ತವಲ್ಲ, ಹಾಗೆ. ತೀವ್ರ ಬೆನ್ನುನೋವಿದ್ದವರಲ್ಲಿ ಆ ಎಳೆಗಳು ಹೆಚ್ಚು. ಎಳೆ ಹೆಚ್ಚಿದ್ದವರಿಗೆ ಕುರ್ಚಿಯಿಂದ ಏಳುವುದು, ನಡೆಯುವುದು, ಸಮತೋಲ ಕಾಯುವುದು ಕಷ್ಟ. ಡಿಸ್ಕಿನ ಸವೆತವನ್ನು ಹಿಂದಕ್ಕೆ ಸರಿಸಲಾಗದು. ಸ್ನಾಯು ಹಾಗಲ್ಲ, ಅದು ತೊಂಬತ್ತರಲ್ಲೂ ಮಾತು ಕೇಳುತ್ತದೆ.

ಮೂಳೆ ಟೊಳ್ಳಾದವರು ಭಾರ ಎತ್ತಲೇಬಾರದು ಎಂಬ ಭಯವೂ ಈ ತಪ್ಪು ಕಲ್ಪನೆಯ ತಮ್ಮನೇ. ಆಸ್ಟ್ರೇಲಿಯಾದ ಗ್ರಿಫಿತ್ ವಿಶ್ವವಿದ್ಯಾಲಯದಲ್ಲಿ, ಮುಟ್ಟು ನಿಂತ, ಮೂಳೆಯ ಸಾಂದ್ರತೆ ತಗ್ಗಿದ 101 ಮಹಿಳೆಯರ ಪ್ರಯೋಗ ನಡೆಯಿತು. ಒಂದು ಗುಂಪಿಗೆ ಎಂಟು ತಿಂಗಳು, ವಾರಕ್ಕೆರಡು ದಿನ, ಅರ್ಧರ್ಧ ಗಂಟೆ, ತರಬೇತುದಾರರ ಕಣ್ಗಾವಲಿನಲ್ಲಿ ನಿಜಕ್ಕೂ ಭಾರವನ್ನೇ ಎತ್ತಿಸಿದರು. ಅವರ ಬೆನ್ನುಮೂಳೆಯ ಸಾಂದ್ರತೆ ಏರಿತು, ಮನೆಯಲ್ಲಿ ಹಗುರ ವ್ಯಾಯಾಮ ಮಾಡಿಕೊಂಡಿದ್ದವರದು ಇಳಿಯಿತು. "ಕಣ್ಗಾವಲಿನಲ್ಲಿ" ಎಂಬ ಪದಕ್ಕೆ ಅಡಿಗೆರೆ ಹಾಕಿಕೊಳ್ಳಿ. ಇದನ್ನು ಓದಿ ನಾಳೆಯೇ ಸಿಲಿಂಡರಿಗೆ ಕೈ ಹಾಕಬೇಡಿ.

ತಪ್ಪು ಕಲ್ಪನೆ: "ಹೆರಿಗೆಯಲ್ಲಿ ಬೆನ್ನಿಗೆ ಕೊಟ್ಟ ಇಂಜೆಕ್ಷನ್ನಿನ ಫಲ ಇದು."

ನಮ್ಮ ಚಿಕ್ಕಮ್ಮನಿಗೆ ಸಿಸೇರಿಯನ್ ಆಗಿ ಮೂವತ್ತೈದು ವರ್ಷವಾಯಿತು. ಇವತ್ತಿಗೂ ಸೊಂಟ ಹಿಡಿದರೆ ಬೈಗುಳ ಆ ಸೂಜಿಗೆ. ಮನೆಮನೆಯಲ್ಲೂ ಈ ಸೂಜಿಯ ಕಥೆ ಇದೆ, ಹಾಗಾಗಿ ತಮಾಷೆ ಮಾಡಲು ಮನಸ್ಸಾಗದು. ಚುಚ್ಚಿದ ಜಾಗದಲ್ಲಿ ಕೆಲವು ದಿನ ನೋವಿರುವುದು ನಿಜ. ಆದರೆ ಇಂಗ್ಲೆಂಡಿನಲ್ಲಿ 369 ಗರ್ಭಿಣಿಯರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಹೆರಿಗೆ ನೋವಿಗೆ ಬೆನ್ನಿನ ಮೂಲಕ ಎಪಿಡ್ಯೂರಲ್ ಕೊಟ್ಟು, ಇನ್ನೊಂದಕ್ಕೆ ಬೇರೆ ಬಗೆಯ ನೋವು ನಿವಾರಣೆ ಮಾಡಿ, ವರ್ಷಗಳ ನಂತರ ಹುಡುಕಿಕೊಂಡು ಹೋಗಿ ಕೇಳಿದರು. 2002ರಲ್ಲಿ ಬಂದ ಫಲಿತಾಂಶದ ಪ್ರಕಾರ ಬೆನ್ನುನೋವು ಎರಡು ಗುಂಪಿನಲ್ಲೂ ಒಂದೇ ತೆರನಾಗಿತ್ತು. ಸಿಸೇರಿಯನ್ನಿಗೆ ಬಳಸುವ ಸೂಜಿ ಎಪಿಡ್ಯೂರಲ್ ಸೂಜಿಗಿಂತಲೂ ತೆಳುವಾದದ್ದು.

ಹಾಗಾದರೆ ಅಷ್ಟೊಂದು ತಾಯಂದಿರಿಗೆ ನೋವು ಯಾಕೆ? ಒಂಬತ್ತು ತಿಂಗಳು ಹೊಟ್ಟೆ ಹಿಗ್ಗಿ ಸಡಿಲಾದ ಸ್ನಾಯು, ಅದನ್ನು ಮತ್ತೆ ಬಿಗಿಗೊಳಿಸುವ ವ್ಯಾಯಾಮ ಯಾರೂ ಹೇಳಿಕೊಡದಿದ್ದದ್ದು, ಬಾಣಂತನವೆಂದು ತಿಂಗಳುಗಟ್ಟಲೆ ಮಲಗಿಸಿದ್ದು, ಆಮೇಲೆ ಏಕಾಏಕಿ ಮಗು, ನೀರು, ಅಡುಗೆ ಎಲ್ಲವನ್ನೂ ಹೊರಿಸಿದ್ದು. ಸೂಜಿಯನ್ನು ಬೈಯುವುದು ಸುಲಭ, ಮನೆಯವರನ್ನು ಬೈಯುವುದು ಕಷ್ಟ.

ತಪ್ಪು ಕಲ್ಪನೆ: "ನೆಲದ ಮೇಲೆ ಚಾಪೆ ಹಾಸಿ ಮಲಗಿದರೆ ಬೆನ್ನು ನೆಟ್ಟಗಾಗುತ್ತದೆ."

ಸ್ಪೇನಿನಲ್ಲಿ 313 ಜನರ ಮೇಲೆ ನಡೆಸಿದ, 2003ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಗಟ್ಟಿ ಹಾಸಿಗೆಗಿಂತ ಮಧ್ಯಮ ಗಟ್ಟಿಯ ಹಾಸಿಗೆಯೇ ಮೇಲಾಯಿತು. ಚಾಪೆ ಅಭ್ಯಾಸವಿದ್ದು ಹಿತವಾಗಿದ್ದರೆ ಮಲಗಿ. ನೆಲದಿಂದ ಏಳುವುದು ಕಷ್ಟವಾದರೆ ಮಂಚ ಬಿಡಬೇಡಿ.

ತಪ್ಪು ಕಲ್ಪನೆ: "ಒಂದು ಮಾತ್ರೆ ನುಂಗಿದರೆ ಬೇಗ ವಾಸಿ."

ಸಿಡ್ನಿಯಲ್ಲಿ ಹೊಸದಾಗಿ ಸೊಂಟ ಹಿಡಿದ 1,652 ಜನರಲ್ಲಿ ಕೆಲವರಿಗೆ ಪ್ಯಾರಾಸಿಟಮಾಲ್, ಕೆಲವರಿಗೆ ಔಷಧವಿಲ್ಲದ ಹುಸಿ ಮಾತ್ರೆ ಕೊಟ್ಟರು. ಮಾತ್ರೆಯವರು ಚೇತರಿಸಿಕೊಂಡದ್ದು 17 ದಿನದಲ್ಲಿ, ಹುಸಿ ಮಾತ್ರೆಯವರು 16 ದಿನದಲ್ಲಿ. ಅದು 2014ರ ಸುದ್ದಿ. ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಜೋರು ನೋವಿನ ಮಾತ್ರೆಗಳು ಹಿರಿಯರ ಹೊಟ್ಟೆ, ಮೂತ್ರಪಿಂಡ, ರಕ್ತದೊತ್ತಡಗಳಿಗೆ ಕೊಡುವ ಪೆಟ್ಟು ಬೇರೆ.

ತಪ್ಪು ಕಲ್ಪನೆ: "ಕಾಲು ಜೋಮು ಹಿಡಿಯಲು ಶುರುವಾದರೆ ಆಪರೇಷನ್ ಬಿಟ್ಟು ಬೇರೆ ದಾರಿ ಇಲ್ಲ."

ಸ್ವಲ್ಪ ದೂರ ನಡೆದರೆ ಎರಡೂ ಕಾಲು ಭಾರ, ಮೀನಖಂಡ ಸೆಳೆತ. ಕಟ್ಟೆಯ ಮೇಲೆ ಕೂತರೆ, ಮುಂದಕ್ಕೆ ಬಾಗಿದರೆ ಆರಾಮ. ಸೂಪರ್ ಮಾರ್ಕೆಟ್ಟಿನ ತಳ್ಳುಗಾಡಿಯ ಮೇಲೆ ಒರಗಿಕೊಂಡು ಎಷ್ಟು ಹೊತ್ತಾದರೂ ಸುತ್ತುತ್ತಾರೆ, ಕೈಬೀಸಿ ನಡೆಯಲು ಆಗದು. ಬೆನ್ನುಹುರಿಯ ನರಗಳು ಸಾಗುವ ಕಾಲುವೆ ಕಿರಿದಾದಾಗ ಆಗುವುದಿದು. ಬಾಗಿದಾಗ ಕಾಲುವೆ ಒಂದಿಷ್ಟು ಅಗಲವಾಗುತ್ತದೆ.

ಪಿಟ್ಸ್‌ಬರ್ಗಿನ ಇನ್ನೊಬ್ಬ ಫಿಸಿಕಲ್ ಥೆರಪಿ ಸಂಶೋಧಕ ಆಂಥನಿ ಡೆಲಿಟೊ ಮತ್ತು ಸಂಗಡಿಗರು, ಆಪರೇಷನ್ನಿಗೆ ಆಗಲೇ ಒಪ್ಪಿದ್ದ 169 ಮಂದಿಯನ್ನು ಕೇಳಿಕೊಂಡು ಅರ್ಧ ಜನರನ್ನು ಆಪರೇಷನ್ನಿಗೂ ಅರ್ಧ ಜನರನ್ನು ಫಿಸಿಯೋಥೆರಪಿಗೂ ಕಳಿಸಿದರು. ಎರಡು ವರ್ಷದ ಕೊನೆಗೆ ಓಡಾಟದ ಸಾಮರ್ಥ್ಯದಲ್ಲಿ ಎರಡೂ ಗುಂಪಿಗೆ ವ್ಯತ್ಯಾಸವಿರಲಿಲ್ಲ. 2015ರಲ್ಲಿ ಬಂದ ಈ ಫಲಿತಾಂಶವನ್ನು ಆಪರೇಷನ್ ವಿರೋಧಿಗಳು ಬಾವುಟದಂತೆ ಹಾರಿಸುತ್ತಾರೆ. ಅವರು ಹೇಳದೆ ಬಿಡುವುದು ಇದು: ಫಿಸಿಯೋಥೆರಪಿಗೆ ಹೋದವರಲ್ಲಿ ನೂರಕ್ಕೆ 57 ಮಂದಿ ಆ ಎರಡು ವರ್ಷದೊಳಗೆ ಆಪರೇಷನ್ ಮಾಡಿಸಿಕೊಂಡರು. ಉಳಿದವರಿಗೆ ಬೇಕಾಗಲಿಲ್ಲ. ಆದ್ದರಿಂದ ಮೊದಲು ಪಳಗಿದ ಫಿಸಿಯೋಥೆರಪಿಸ್ಟರ ಕೈಯಲ್ಲಿ ಕೆಲವು ವಾರ ಮನಸ್ಸಿಟ್ಟು ಮಾಡಿ ನೋಡುವುದರಲ್ಲಿ ಕಳೆದುಕೊಳ್ಳುವಂಥದ್ದು ಇಲ್ಲ, ಮುಂದೆ ಹೇಳುವ ಅಪಾಯದ ಗುರುತುಗಳು ಇಲ್ಲದಿದ್ದರೆ.

ತಪ್ಪು ಕಲ್ಪನೆ: "ಬೆನ್ನುನೋವು ತಾನೇ, ಎಣ್ಣೆ ತಿಕ್ಕಿದರೆ ಹೋಗುತ್ತೆ."

ಇದು ಎದುರು ದಿಕ್ಕಿನ ತಪ್ಪು, ಮತ್ತು ಹಿರಿಯರಲ್ಲಿ ಇದೇ ಹೆಚ್ಚು ಅಪಾಯದ್ದು. ಮೂಳೆ ಟೊಳ್ಳಾದವರಲ್ಲಿ ಬೀಳದೆ, ಪೆಟ್ಟಾಗದೆ, ಬಕೆಟ್ ಎತ್ತಿದ್ದಕ್ಕೇ ಬೆನ್ನಿನ ಒಂದು ಮೂಳೆ ಕುಗ್ಗಿ ಕುಸಿಯಬಹುದು. ಹೀಗೆ ಕುಸಿದದ್ದರಲ್ಲಿ ಹೆಚ್ಚಿನವು ಯಾರ ಗಮನಕ್ಕೂ ಬರುವುದೇ ಇಲ್ಲ. ಎತ್ತರ ಕಡಿಮೆಯಾಯಿತು, ಗೂನು ಬಂತು, ಸೀರೆ ನೆಲಕ್ಕೆ ತಾಗುತ್ತಿದೆ ಎಂದು ಮನೆಯವರು ಅಂದುಕೊಳ್ಳುತ್ತಾರೆ, ಅಷ್ಟೇ. ಆಸ್ತಮಾಕ್ಕೋ ಕೀಲುನೋವಿಗೋ ಬಹುಕಾಲ ಸ್ಟೀರಾಯ್ಡ್ ಮಾತ್ರೆ ನುಂಗಿದವರಲ್ಲಿ ಈ ಅನುಮಾನ ಮೊದಲೇ ಬರಬೇಕು.

ಹಿಂದೆ ಕ್ಯಾನ್ಸರ್ ಆಗಿದ್ದವರಿಗೆ ಹೊಸದಾಗಿ ಬೆನ್ನುನೋವು ಬಂದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ಜ್ವರ ಇದ್ದರೆ, ಮಲಗಿದಾಗ ಕಡಿಮೆಯಾಗುವ ಬದಲು ರಾತ್ರಿ ನಿದ್ದೆಗೆಡಿಸುವಂತೆ ನೋವು ಏರಿದರೆ ತಡ ಮಾಡಬಾರದು. ಲೋಕದ ಕ್ಷಯ ರೋಗಿಗಳಲ್ಲಿ ಸುಮಾರು ಕಾಲು ಭಾಗ ಭಾರತದವರು, ಆ ರೋಗ ಬೆನ್ನುಮೂಳೆಯಲ್ಲೂ ಗೂಡು ಕಟ್ಟುತ್ತದೆ. ಡೆಲವೇರಿನ ಅಧ್ಯಯನಗಳಲ್ಲಿ ಇದು ಬಾರದಿದ್ದರೂ ನಮ್ಮಲ್ಲಿ ನೆನಪಿರಬೇಕು. ಇನ್ನು ಮೂತ್ರ ಕಟ್ಟಿಕೊಂಡರೆ ಅಥವಾ ತಿಳಿಯದೆ ಹೋಗುತ್ತಿದ್ದರೆ, ಸೈಕಲ್ ಸೀಟಿಗೆ ತಾಗುವ ಜಾಗದಲ್ಲಿ ಸ್ಪರ್ಶವೇ ಇಲ್ಲದಂತಾದರೆ, ಕಾಲು ದಿನೇದಿನೇ ಬಲ ಕಳೆದುಕೊಳ್ಳುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಇಲ್ಲಿ ಸ್ಕ್ಯಾನು ಬೇಕೇಬೇಕು. ಫಿಲ್ಮಿನ ಮೇಲೆ ಇಷ್ಟೆಲ್ಲ ಸಿಟ್ಟು ತೋರಿಸಿದವನು ಇದನ್ನೂ ಹೇಳಬೇಕು.

ತಪ್ಪು ಕಲ್ಪನೆ: "ಒಮ್ಮೆ ಸೊಂಟ ಹೋಯಿತೆಂದರೆ ಮತ್ತೆ ಬಗ್ಗಲೇಬಾರದು."

ಬೆನ್ನು ಬಗ್ಗುವುದಕ್ಕೇ ಇರುವುದು. ಮೂಳೆ ಕುಸಿದವರು, ಹೊಸದಾಗಿ ಆಪರೇಷನ್ ಆದವರು ಬಗ್ಗುವ ರೀತಿಯನ್ನು ಕೇಳಿ ತಿಳಿದುಕೊಳ್ಳಬೇಕು, ನಿಜ. ಮಿಕ್ಕವರಿಗೆ ಬಗ್ಗುವುದನ್ನು ಬಿಡುವುದೇ ನೋವನ್ನು ಸಾಕುವ ದಾರಿ. ಭಯದಿಂದ ಬೆನ್ನು ಬಿಗಿಹಿಡಿದು ನಡೆದವರ ಸ್ನಾಯು ಸದಾ ದುಡಿದು ದಣಿಯುತ್ತದೆ, ಆ ದಣಿವೂ ನೋವೇ.

ಆ ಹುಡುಗಿ ಅಮ್ಮನಿಗೆ ಹೇಳಿಕೊಟ್ಟದ್ದು ನಾಲ್ಕೇ ವ್ಯಾಯಾಮ. ಮಗ್ಗುಲಾಗಿ ಮಲಗಿ ಕಾಲೆತ್ತುವುದು; ಮಂಡಿ ಮಡಿಸಿ ಅಂಗಾತ ಮಲಗಿ ಪಿರ್ರೆ ಮೇಲೆತ್ತುವುದು; ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು; ಅಡುಗೆಮನೆಯ ಕಟ್ಟೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲುವುದು. ಕೊನೆಯದನ್ನು ಅಮ್ಮ ಹಾಲು ಕಾಯುವ ಹೊತ್ತಿನಲ್ಲಿ ಮಾಡುತ್ತಾರೆ, ಎರಡು ಸಲ ಹಾಲು ಉಕ್ಕಿದೆ. ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಹೊಸ್ತಿಲ ಮುಂದೆ ರಂಗೋಲಿ ಇತ್ತು. ಐದು ಚುಕ್ಕಿಯದು, ಗೆರೆ ಒಂದು ಕಡೆ ಸೊಟ್ಟ. ನೋವು ಹೋಯಿತೇ ಎಂದು ಕೇಳಿದೆ. "ಎಲ್ಲಿ ಹೋಗುತ್ತೆ, ಇದೆ" ಎಂದರು, "ಆದರೆ ನಿನ್ನೆ ಸಂತೆಯಿಂದ ನಾನೇ ಸೊಪ್ಪು ತಂದೆ, ಮೂರು ಕಂತೆಗೆ ಐವತ್ತು ರೂಪಾಯಿ ಅಂತೆ, ಏನು ಅನ್ಯಾಯ ನೋಡು." ಆಮೇಲೆ ಅರ್ಧ ಗಂಟೆ ಮಾತು ಸೊಪ್ಪಿನ ರೇಟಿನದೇ ಆಯಿತು.